ಎಂಟರ ಮೇಲೆ ಕನ್ನಡವಿಲ್ಲ

ರಾತ್ರಿ ಎಂಟು ಹೊಡೆಯಿತೆಂದರೆ ನಮ್ಮ ಮನೆಯಲ್ಲಿ ಕನ್ನಡ ಬಂದ್. ಆಮೇಲೆ ಮಲಗುವವರೆಗೆ ಇಂಗ್ಲಿಷ್ ಮಾತ್ರ, ಅದೂ ನನ್ನ ಗಂಡ ಆ ದಿನ ಕಲಿತು ಬಂದ ದೊಡ್ಡ ದೊಡ್ಡ ಶಬ್ದಗಳನ್ನು ಹಾಕಿ. ಘಾಟ್ಕೋಪರ್‌ನ ನಮ್ಮ ಮನೆ ಎಂದರೆ ಒಂದು ಹಾಲ್, ಒಂದು ಅಡುಗೆಮನೆ. ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಶುರುವಾದದ್ದು ಹೀಗೆ. ಪವಾಯಿಯಲ್ಲಿರುವ ಅವರ ಆಫೀಸು ಹೊರದೇಶದ ಗಿರಾಕಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತದೆ. ಇಷ್ಟು ವರ್ಷ ಇವರು ಹಿಂದೆ ಕೂತು ಲೆಕ್ಕ ತಾಳೆ ಹಾಕುತ್ತಿದ್ದರು, ಗಿರಾಕಿಗಳ ಜೊತೆ ಮಾತಾಡುವವರು ಬೇರೆ ಇದ್ದರು. ಇನ್ನು ಹಾಗಿಲ್ಲ, ಲೆಕ್ಕ ಮಾಡಿದವರೇ ಫೋನಿನಲ್ಲಿ ವಿವರಿಸಬೇಕು, ಆಗದವರಿಗೆ ಟೀಮಿನಲ್ಲಿ ಜಾಗವಿಲ್ಲ ಎಂದುಬಿಟ್ಟರು. ಸಾಯಂಕಾಲ ಇಂಗ್ಲಿಷ್ ಕ್ಲಾಸು ಇಟ್ಟರು. ಬಾಯಿಪಾಠ ಮಾಡಿದ ಶಬ್ದ ನಿಲ್ಲುವುದಿಲ್ಲ, ಮನೆಯವರ ಮೇಲೆ ಪ್ರಯೋಗಿಸಿ ಎಂದು ಕ್ಲಾಸಿನ ಮೇಡಂ ಹೇಳಿದರಂತೆ. ಮನೆಯವರು ಅಂದರೆ ನಾನು.

ವಿಜಯಪುರದ ಕಡೆಯ ಈ ಮನುಷ್ಯನಿಗೆ ಮೊದಲೇ ಮಾತು ಕಡಿಮೆ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಮುಂಬೈಯಲ್ಲಿ ಯಾರು ಕೇಳುತ್ತಾರೆ ಎಂಬ ಹೆದರಿಕೆ ಮುಖದಲ್ಲೇ ಕಾಣುತ್ತಿತ್ತು. ಪರೀಕ್ಷೆಗೆಂದು ಒಬ್ಬ ಗಿರಾಕಿಯ ಕಾಲ್ ಕೊಡುತ್ತಾರೆ, ಅದನ್ನು ನಿಭಾಯಿಸಿದರೆ ಉಳಿದೆ, ಅಲ್ಲಿಯವರೆಗೆ ಸಹಿಸಿಕೋ, ಆಮೇಲೆ ಈ ಕಾಟ ಇಲ್ಲ ಎಂದು ಮಾತು ಕೊಟ್ಟರು. ಹೂಂ ಅಂದೆ. ಅನ್ನದೆ ಏನು ಮಾಡಲಿ?

ಮೊದಮೊದಲು ನಗು ಬರುತ್ತಿತ್ತು. ಶೇಂಗಾ ಚಟ್ನಿ ನೋಡಿ 'ಯುಬಿಕ್ವಿಟಸ್' ಅಂದರು. ಎಲ್ಲೆಲ್ಲೂ ಇರುವಂಥದ್ದು ಎಂದು ಅರ್ಥವಂತೆ. ಸುಳ್ಳಲ್ಲ, ನಮ್ಮ ಮನೆಯಲ್ಲಿ ಚಟ್ನಿ ಇಲ್ಲದ ಊಟವೇ ಇಲ್ಲ. ನಲ್ಲಿ ನೀರು 'ಇಂಟರ್ಮಿಟೆಂಟ್' ಆಯಿತು, ಬಿಟ್ಟು ಬಿಟ್ಟು ಬರುವಂಥದ್ದು. ನಾನು 'ರಿಲಕ್ಟಂಟ್' ಆದೆ, ಮನಸ್ಸಿಲ್ಲದೆ ಮಾಡುವವಳು. ಹತ್ತನೇ ಇಯತ್ತೆಯ ಮಗಳು ಅಪ್ಪನ ಉಚ್ಚಾರ ತಿದ್ದುತ್ತ ಕುಣಿದಾಡಿದಳು. ಅವಳಿಗೇನು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ.

ಬರಬರುತ್ತ ನಗು ನಿಂತಿತು. ನಾನು ಧಾರವಾಡದವಳು, ಕಲಿತದ್ದು ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಕೇಳಿದರೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಕನ್ನಡದಲ್ಲಾದರೆ ನನ್ನ ಬಾಯಿಗೆ ಎದುರಿಲ್ಲ, ಬೇಕಾದರೆ ನಮ್ಮತ್ತೆಯನ್ನು ಕೇಳಿ. ಅಂಥವಳು ಸಾರಿಗೆ ಉಪ್ಪು ಸಾಕೇ ಎಂದು ಕೇಳಲು ಮನಸ್ಸಿನಲ್ಲಿ ವಾಕ್ಯ ಜೋಡಿಸಬೇಕು. ಜೋಡಿಸುವಷ್ಟರಲ್ಲಿ ಅವರು ಕೈ ತೊಳೆದು ಎದ್ದಿರುತ್ತಿದ್ದರು. ತಡೆಯಲಾರದೆ ಕನ್ನಡದಲ್ಲಿ ಅಂದುಬಿಟ್ಟರೆ ಕಣ್ಣು ಮುಚ್ಚಿ ಕೈ ಎತ್ತುವರು, ಅಭ್ಯಾಸ ಕೆಟ್ಟಿತಂತೆ. ಮೈಯೆಲ್ಲ ಉರಿದುಹೋಗುತ್ತಿತ್ತು. ಆ ಸಿಟ್ಟು ತೀರಿಸಿಕೊಳ್ಳಲೂ ಶಬ್ದ ಬೇಕಲ್ಲ! ಮೇಡಂ ಕಲಿಸಿದ ಅಷ್ಟೊಂದು ಶಬ್ದಗಳಲ್ಲಿ ಗಂಡಹೆಂಡಿರ ಜಗಳಕ್ಕೆ ಒದಗುವಂಥದ್ದು ಒಂದೂ ಇರಲಿಲ್ಲ.

ರಾತ್ರಿ ಅವ್ವನಿಗೆ ಫೋನ್ ಮಾಡಬೇಕಾದರೆ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ಒಂದು ದಿನ ಎದುರು ಮನೆಯಾಕೆ ಜಗಳವಾಯಿತೇ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು. ಜಗಳ ಆಡಲಿಕ್ಕೆ ಬಿಟ್ಟರೆ ತಾನೇ ಅನ್ನಬೇಕೆನಿಸಿತು. ಗಂಡ ಓದುತ್ತಿದ್ದಾರೆ ಎಂದೆ.

ನನ್ನ ಪಾಲಿಗೆ ಉಳಿದದ್ದು ಮುಂಜಾನೆಯ ಚಹಾ ಒಂದೇ. ಅವರು ಕಪ್ಪು ಹಿಡಿದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಆಫೀಸಿನ ಗೋಳೆಲ್ಲ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದರು. ಪರೀಕ್ಷೆಗೆಂದು ತಮಗೆ ಕೊಟ್ಟ ಗಿರಾಕಿ ಕಾಗದಪತ್ರ ಕಳಿಸುವುದೇ ಇಲ್ಲ, ನೆನಪಿಸಿದರೂ ಮಾತಿಲ್ಲ, ಕೊನೆಗೆ ಲೆಕ್ಕ ತಡವಾಯಿತೆಂದು ಇಮೇಲಿನಲ್ಲಿ ತಮ್ಮ ಮೇಲೇ ಹಾಯುತ್ತಾನೆ ಎಂದು. ನಾನು ರೊಟ್ಟಿ ಬಡಿಯುತ್ತ ಆ ಗಿರಾಕಿಗೆ ಇಲ್ಲಿಂದಲೇ ಛೀಮಾರಿ ಹಾಕುತ್ತಿದ್ದೆ, ಅವರು ನಗುತ್ತಿದ್ದರು. ಇಡೀ ದಿನದಲ್ಲಿ ನಾವು ಗಂಡಹೆಂಡತಿಯಾಗಿ ಇರುತ್ತಿದ್ದುದು ಅಷ್ಟೇ ಹೊತ್ತು.

ಆ ಗಿರಾಕಿಯ ಪರೀಕ್ಷೆಯ ಕಾಲ್ ಬಂದದ್ದು ಅವರು ಮನೆಯಿಂದ ಕೆಲಸ ಮಾಡುತ್ತಿದ್ದ ದಿನ. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಕುಕ್ಕರ್ ಇಡಬಾರದು, ಪಾತ್ರೆ ಸದ್ದಾಗಬಾರದು ಎಂದು ತಾಕೀತಾಗಿತ್ತು. ನಾನು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತೆ. ಮೊದಲು ಚೆನ್ನಾಗಿಯೇ ಹೋಯಿತು. ಕಲಿತ ಶಬ್ದಗಳು ಒಂದರ ಹಿಂದೊಂದು ಬಂದವು. ಅಷ್ಟರಲ್ಲಿ ಆ ಕಡೆಯ ದನಿ ಏರಿತು. ಲೆಕ್ಕ ಯಾಕೆ ತಡ, ಯಾರ ತಪ್ಪು ಎಂದು ಕೇಳುತ್ತಿದ್ದಾನೆ, ಅಷ್ಟು ನನಗೂ ತಿಳಿಯಿತು. ಇವರು ಸುಮ್ಮನಾದರು. ಅವನು ಮತ್ತೆ ಕೇಳಿದ. ಹಣಕಿ ನೋಡಿದರೆ ಇವರ ಮುಖ ಬಿಳಚಿಕೊಂಡಿತ್ತು. ಮೈಕ್ ಬಂದ್ ಮಾಡಿ ನನ್ನ ಕಡೆ ತಿರುಗಿದರು.

"ಏನ್ ಹೇಳ್ಲಿ? ಒಂದೂ ಶಬ್ದ ಬರವಲ್ದು."

"ತಪ್ಪು ನಮ್ದಲ್ಲ ಅನ್ರಿ," ಎಂದೆ. "ಕಾಗದ ನೀವೇ ತಡಾ ಕಳಿಸೀರಿ, ನೆನಪು ಮಾಡಿ ಮಾಡಿ ನಮಗ ಸಾಕಾತು ಅನ್ರಿ. ಯಾವಾಗೆಲ್ಲಾ ಕೇಳೇವಿ ಅಂತ ಬೇಕಾದ್ರ ತೋರಸ್ತೀನಿ ಅನ್ರಿ."

ಅವರು ಮೈಕ್ ಹಾಕಿ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿದರು, ಶಾಲೆಯ ಸಣ್ಣ ಮಕ್ಕಳಿಗೂ ತಿಳಿಯುವಂಥ ಶಬ್ದಗಳು. ಆಮೇಲೆ ಅವನು ದನಿ ಇಳಿಸಿ, ತಮ್ಮಲ್ಲೇ ವಿಚಾರಿಸಿ ಹೇಳುತ್ತೇನೆ ಎಂದ. ಫೋನು ಇಟ್ಟ ಮೇಲೆ ಇಬ್ಬರೂ ಅಡುಗೆಮನೆಯಲ್ಲಿ ನಿಂತು ನಕ್ಕದ್ದೇ ನಕ್ಕದ್ದು. ನನಗೆ ಕಣ್ಣಲ್ಲಿ ನೀರೇ ಬಂತು. ಅಂತೂ ಮುಗಿಯಿತಲ್ಲ ಎಂದುಕೊಂಡು ಕುಕ್ಕರ್ ಇಟ್ಟೆ.

ಮುಂದಿನ ವಾರ ಅವರು ಬೇಗ ಮನೆಗೆ ಬಂದರು, ಕೈಯಲ್ಲಿ ಪೇಡೆ. ಟೀಮಿನಲ್ಲಿ ಉಳಿಸಿಕೊಂಡರಂತೆ. ಕ್ಲಾಸಿನ ಫಲ ಇವರಲ್ಲಿ ಎದ್ದು ಕಾಣುತ್ತದೆ ಎಂದು ಮ್ಯಾನೇಜರು ಎಲ್ಲರೆದುರು ಹೊಗಳಿದರಂತೆ. ಇನ್ನು ಮುಂದೆ ಆ ಗಿರಾಕಿಯ ಕಾಲ್ ಎಲ್ಲ ಇವರದೇ, ಮೇಲಿನ ಕ್ಲಾಸಿಗೂ ಹೆಸರು ಹಾಕಿದ್ದಾರೆ. ನಾನು ಪೇಡೆ ದೇವರ ಮುಂದಿಟ್ಟು, ನನಗೆ ಕೊಟ್ಟ ಮಾತು ಏನಾಯಿತು ಎಂದು ಕೇಳಿದೆ. ಅವರ ಮುಖಕ್ಕೆ ಹಳೆಯ ಹೆದರಿಕೆ ಮತ್ತೆ ಬಂತು.

"ಇನ್ನೊಂದ್ ಸ್ವಲ್ಪ ದಿನ," ಅಂದರು. "ರಾತ್ರಿ ಒಂದಽ ಆದ್ರ ಸಾಲೂದಿಲ್ಲಂತ. ನಾಳಿಂದ ಮುಂಜಾನಿ ಚಹಾದಾಗೂ ಇಂಗ್ಲಿಷ್ ಮಾತಾಡೂಣು."

ಗಡಿಯಾರ ನೋಡಿದೆ. ಎಂಟಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅಷ್ಟರೊಳಗೆ ಅವರಿಗೆ ಹೇಳಬೇಕಾದದ್ದು ರಾಶಿ ಇತ್ತು, ಯಾವುದನ್ನು ಮೊದಲು ಹೇಳಲಿ ಎಂದು ತಿಳಿಯದೆ ನಿಂತೇ ಇದ್ದೆ.