ಅತಿಥಿಗಳಿಗಾಗಿ ಗುಡಿಸಿದ ಕಾಡು

ತೆಂಗಿನ ನಾರಿನ ಉಂಡೆ ಹಿಡಿದು ಯುಸ್ನಿದಾರ್ ಉಜ್ಜುತ್ತಿದ್ದಾರೆ. ಪಾತ್ರೆಗಳನ್ನಲ್ಲ, ಕಬ್ಬಿಣದ ಸರಳುಗಳನ್ನು. ಕಂಪಾರ್ ನದಿಯ ಚಹಾಬಣ್ಣದ ನೀರಿನಲ್ಲಿ ಅದ್ದಿ, ಉಜ್ಜಿ, ಮೀನು ಕರಿದು ಉಳಿದ ಎಣ್ಣೆ ಸವರಿ, ಒಂದೊಂದನ್ನೇ ದೋಣಿಕಟ್ಟೆಯ ಹಲಗೆಯ ಮೇಲೆ ಮಲಗಿಸುತ್ತಾರೆ. ಬೆಳಗಿನ ನಮಾಜು ಮುಗಿಸಿ ಬಂದ ಗಂಡ ಬುಸ್ರಿ, ಇವರ ಕೆಲಸದ ಬಗ್ಗೆ ಬರೆಯಲು ಬಂದ ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತು ನೋಡುತ್ತಾರೆ.

“ನನ್ ಬೆನ್ನಿಗೂ ಒಂದ್ಸಲ ಹೀಗೆ ಎಣ್ಣೆ ಹಚ್ಚಿದ್ರೆ ಏನ್ ಹೋಗ್ತಿತ್ತು?”

“ಈ ಸರಳು ನಾನ್ ಹೇಳಿದ ಕಡೆ ಹೋಗತ್ತೆ. ನೀವು ಹೋಗ್ತೀರಾ?”

ತೆಲುಕ್ ರುಂಬಿಯಾ ಊರಿನಲ್ಲಿ ಎಲ್ಲರಿಗೂ ಇವರು ಕಾಕ್ ಇದಾರ್, ಅಂದರೆ ಇದಾರಕ್ಕ. ಕಾಗದದ ತಿರುಳಿಗೆಂದು ಅಕೇಶಿಯಾ ನೆಡುವ ಕಂಪನಿ, ನೆಡುವ ಮೊದಲು ಯಾವ ಕಾಡು, ಯಾವ ಜೌಗು ಮುಟ್ಟದೆ ಬಿಡಬೇಕೆಂದು ಗುರುತಿಸಬೇಕು. ಆ ಗುರುತಿನ ತಂಡದಲ್ಲಿ ಸರಳು ಹೊರುವವರು ಇವರು. ಒಂದಕ್ಕೊಂದು ತಿರುಪಿ ಜೋಡಿಸಿ, ಕೊಳೆತ ಎಲೆ ಬೇರುಗಳ ಜೌಗುಮಣ್ಣಿನೊಳಗೆ ಗಟ್ಟಿ ಜೇಡಿ ತಾಗುವವರೆಗೂ ಇಳಿಸುತ್ತಾರೆ. ಮೇಲೆ ಬಂದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡುತ್ತಾರೆ.

“ತಿಳಿನೀರು ಬಂದ್ರೆ ಇನ್ನೂ ಎಳೇದು. ಬೆರಳ ಸಂದೀಲಿ ಕೆಸರೇ ಬಂದ್ರೆ ಪೂರ್ತಿ ಕೊಳೆತಿದೆ. ನಾನು ಕೂಗ್ತೀನಿ, ಬು ವಿದ್ಯಾ ಬರ್ಕೋತಾರೆ.” ಬು ವಿದ್ಯಾ ಅಂದರೆ ತಂಡದ ಮುಖ್ಯಸ್ಥೆ ವಿದ್ಯಾಸ್ತುತಿ, ಜಾವಾ ಕಡೆಯ ಹೆಣ್ಣುಮಗಳು. ಮೂರು ಮೀಟರಿಗಿಂತ ಆಳವಿದ್ದರೆ ಆ ಜಾಗ ಮುಟ್ಟುವಂತಿಲ್ಲ. ದಿನಕ್ಕೆ ಹತ್ತು ಕುಣಿ, ನಡುವೆ ತೊಡೆಯುದ್ದ ನೀರು, ಮುಳ್ಳುಕೇದಗೆ. ಸಂಜೆ ಸೊಂಟ ಮಾತು ಕೇಳುವುದಿಲ್ಲ.

ಸೊಂಟದ ನೋವಿಗಿಂತ ಊರಿನ ಮಾತು ಹೆಚ್ಚು ನೋಯಿಸಿತ್ತು. ‘ನಮ್ಮ ನೆಲ ಅಳೆದು ಕಂಪನಿಗೆ ಕೊಡ್ತಾಳೆ’ ಅಂದವರುಂಟು. “ನಾನ್ ಅಳೀದೇ ಇದ್ರೆ ಅವರು ಬರೋದೇ ಇಲ್ವಾ? ಬಂದೇ ಬರ್ತಾರೆ. ಜೊತೇಲಿ ನಮ್ಮೋರು ಒಬ್ರಿದ್ರೆ, ಎಲ್ಲಿ ನಿಲ್ಬೇಕು ಅಂತ ಹೇಳಬಹುದು,” ಎನ್ನುತ್ತಾರೆ.

ಆದರೆ ನಿಲ್ಲಬೇಕಾದ ಜಾಗದಲ್ಲೇ ಎಡವಟ್ಟಾಗಿದೆ, ಅದೂ ಇವರ ಕೈಯಿಂದಲೇ.

ಹೊಳೆಯಾಚೆ ಕುಲದ ಜೇನುಮರದ ತೋಪಿದೆ, ಹೆಜ್ಜೇನು ಬಂದು ಕಟ್ಟುವ ಎತ್ತರದ ಮರಗಳದ್ದು. ಅಲ್ಲಿ ಜೌಗು ಆಳವಿಲ್ಲ. “ಬೇರೆ ಕಡೆ ಆಳವೇ ಕಾಯತ್ತೆ. ಇಲ್ಲಿ ಕಾಡೇ ಕಾಯ್ಬೇಕು,” ಎನ್ನುತ್ತಾರೆ ಇದಾರ್. ಕಾಡೆಂದು ಬರೆದುಕೊಂಡರಷ್ಟೇ ತೋಪು ಉಳಿಯುತ್ತದೆ. ಹೋದ ಬೇಸಗೆಯಲ್ಲಿ ಕಾಡು ಗುರುತಿಸುವ ಇನ್ನೊಂದು ತಂಡ ತೋಪು ನೋಡಲು ಬರುತ್ತದೆಂದು ಸುದ್ದಿ ತಂದವರು ಇವರೇ. ಅತಿಥಿ ಬರುವಾಗ ಅಂಗಳ ಗುಡಿಸದೆ ಬಿಡುವುದುಂಟೇ? ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಎಲೆ ಗುಡಿಸಿದರು. ಗಂಡಸರು ಪೊದೆ, ಬಳ್ಳಿ, ಎಳೆಗಿಡ ಸವರಿದರು. ದಾರಿಯ ಎರಡೂ ಬದಿಗೆ ಮಜ್ಜಿಗೆಹುಲ್ಲು ನೆಟ್ಟರು. ಬಂದವರು ಅಂಟನ್ನದ ಉಂಡೆ ತಿಂದು, ಕೈಮುಗಿದು, ‘ಮರಿಗಿಡಗಳಿಲ್ಲ, ಕಾಡಲ್ಲ, ಜನ ಮಾಡಿದ ತೋಟ’ ಎಂದು ಬರೆದುಕೊಂಡು ಹೋದರು.

ಕರಡು ನಕ್ಷೆಯನ್ನು ಊರಿನ ಸಭಾಮನೆಯಲ್ಲಿ ತೂಗುಹಾಕಿದಾಗ ಸುತ್ತಲೂ ಹಸಿರು, ತೋಪು ಮಾತ್ರ ಹಳದಿ. ಹಳದಿ ಅಂದರೆ ಅಕೇಶಿಯಾ. ಕುಲದ ಹಿರಿಯ ದಾತುಕ್ ಸುಮಾನ್, “ಹಸಿರು ಶಾಯಿ ಮುಗ್ದೋಗಿರ್ಬೇಕು,” ಎಂದುಬಿಟ್ಟರು.

ಬು ವಿದ್ಯಾ ಉಪಾಯ ಹೇಳಿದರು: ತಾವೇ ಸವರಿದ್ದೆಂದು ದಾತುಕ್ ರುಜು ಹಾಕಿ ಕಾಗದ ಕಳಿಸಲಿ, ತೋಪನ್ನು ಮತ್ತೆ ನೋಡುತ್ತೇವೆ. ಇದಾರ್ ಕಾಗದ ಬರೆದರು. ದಾತುಕ್ ರುಜು ಹಾಕಲಿಲ್ಲ. “ಮನೆ ಗುಡಿಸಿದ್ದಕ್ಕೆ ಯಾರಾದ್ರೂ ತಪ್ಪಾಯ್ತು ಅಂತಾರಾ?” ಮಳೆಗಾಲದಿಂದ ಕಾಗದ ಅಕ್ಕಿ ಡಬ್ಬಿಯ ಮೇಲೆ ಕೂತಿದೆ. ಶುಕ್ರವಾರ ನಕ್ಷೆಗೆ ಮೊಹರು ಬೀಳುತ್ತದೆ. ಪಟ್ಟಣದ ಕಚೇರಿಗೆ ಕಾಗದ ಒಯ್ಯುವ ಇವತ್ತಿನ ದೋಣಿ ತಪ್ಪಿದರೆ ಮುಂದಿನದು ಅದಾದ ಮೇಲೆಯೇ.

ಸರಳು ಒರೆಸಿಟ್ಟು, ಕಾಗದವನ್ನು ಅಂಗಿಯೊಳಗೆ ಸೇರಿಸಿ, ಇದಾರ್ ದಾತುಕರ ಬಾಗಿಲಿಗೆ ಹೋಗುತ್ತಾರೆ.

“ದಾತುಕ್, ಜೇನು ಬಂದಿದೆಯಂತೆ. ನೋಡ್ಕೊಂಡ್ ಬರೋಣ ಬನ್ನಿ.”

“ಕಾಗದ ತಂದಿದ್ದೀಯಾ?”

“ತಂದಿದ್ದೀನಿ. ಅದು ಸುಮ್ನೆ ಜೊತೆಗೆ ಬರತ್ತೆ.”

ಮುದುಕರು ನಕ್ಕು ಟೊಪ್ಪಿಗೆ ಇಟ್ಟುಕೊಳ್ಳುತ್ತಾರೆ. ನಾವು ಮೂವರೂ ಸಣ್ಣ ದೋಣಿಯಲ್ಲಿ ಹೊಳೆ ದಾಟುತ್ತೇವೆ. ಕರಡು ನಕ್ಷೆ ನೋಡಿದಂದಿನಿಂದ ಇದಾರ್ ತೋಪಿಗೆ ಯಾರೂ ಕತ್ತಿ, ಪೊರಕೆ ತರದ ಹಾಗೆ ನೋಡಿಕೊಂಡಿದ್ದಾರೆ. ದಾತುಕ್ ಮಂಡಿನೋವಿನಿಂದ ಇತ್ತ ಬಂದೇ ಇಲ್ಲ. ಹತ್ತು ಹೆಜ್ಜೆ ಇಡುವುದರೊಳಗೆ ಬೆತ್ತದ ಮುಳ್ಳು ಅವರ ಲುಂಗಿ ಹಿಡಿದು ನಿಲ್ಲಿಸುತ್ತದೆ.

“ಏನಿದು ಗಲೀಜು! ಇದಾರ್, ನಿಮಗೆಲ್ಲ ಕೈಕಾಲು ಬಿದ್ದೋಗಿದ್ಯಾ?”

“ಅಲ್ಲಾಡ್ಬೇಡಿ, ಹರಿಯತ್ತೆ.” ಮೊಣಕಾಲೂರಿ ಕೂತು ಒಂದೊಂದೇ ಮುಳ್ಳು ಬಿಡಿಸುತ್ತಾರೆ. “ಈ ಗಲೀಜಿಗೇ ಅವರು ಕಾಡು ಅನ್ನೋದು, ದಾತುಕ್. ನಾವು ಅದನ್ನೇ ಗುಡಿಸಿ ಹಾಕಿದ್ವಿ.”

ದಾತುಕ್ ಸುತ್ತ ನೋಡುತ್ತಾರೆ. ಮಜ್ಜಿಗೆಹುಲ್ಲಿನ ಸಾಲು ಕಾಣುವುದಿಲ್ಲ. ಮೊಣಕಾಲೆತ್ತರದ ಮರಿಗಿಡಗಳು ಒತ್ತಾಗಿ ಎದ್ದಿವೆ. ಮೇಲೆ ಬಿಳಿಕಾಂಡದ ಮರಗಳ ಕೊಂಬೆಗಳಿಗೆ ಕಪ್ಪು ಜೇನುಹುಟ್ಟುಗಳು ಜೋತುಬಿದ್ದಿವೆ, ಗುಂಯ್ ಎನ್ನುತ್ತಿವೆ. ತುಂಬ ಹೊತ್ತು ಕತ್ತೆತ್ತಿಯೇ ನಿಲ್ಲುತ್ತಾರೆ.

“ಇವೇನೂ ಅಂಗಳ ನೋಡಿ ಬಂದಿಲ್ಲ, ಅಲ್ವಾ?”

“ಇಲ್ಲ.”

“ಗುಡಿಸೋಕೆ ಕರ್ಕೊಂಡ್ ಬಂದಿದ್ದು ನೀನೇ.”

“ನಾನೇ. ನನ್ ಹೆಸರು ಮೊದ್ಲೇ ಬರ್ದಿದ್ದೀನಿ, ನೋಡಿ.”

“ತಪ್ಪಾಯ್ತು ಅನ್ನೋ ಮಾತು ಬೇಡ. ಅತಿಥಿಗಳು ಬರ್ತಾರೆ ಅಂತ ಗುಡಿಸಿದ್ವಿ ಅಂತಿರ್ಲಿ.”

“ಹಾಗೇ ಇದೆ, ದಾತುಕ್. ನೀವು ಓದಿದ್ರಲ್ವಾ ಗೊತ್ತಾಗೋದು?”

ಇದಾರ್ ಬಗ್ಗಿ ಬೆನ್ನು ಕೊಡುತ್ತಾರೆ. ಸರಳು ಹೊತ್ತು ಗಟ್ಟಿಯಾದ ಆ ಬೆನ್ನಿನ ಮೇಲೆ ಕಾಗದವಿಟ್ಟು ದಾತುಕ್ ನಿಧಾನವಾಗಿ ರುಜು ಹಾಕುತ್ತಾರೆ.

ಮುಂದೆ ಏನಾಸೆ ಎಂದು ಮರಳುವ ದಾರಿಯಲ್ಲಿ ಕೇಳಿದೆ. “ಅವರು ಮತ್ತೆ ಬಂದಾಗ ಉಂಡೆ ಮಾಡ್ತೀನಿ, ಚಹಾ ಕೊಡ್ತೀನಿ. ಪೊರಕೆ ಮಾತ್ರ ಬಚ್ಚಿಡ್ತೀನಿ.”

ಪಟ್ಟಣದ ದೋಣಿ ಕಟ್ಟೆಗೆ ತಾಗಿ ಗುಡುಗುಡು ಎನ್ನುತ್ತಿದೆ. ಇದಾರ್ ಕಾಗದವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎರಡೂ ಕೈಯಲ್ಲಿ ದೋಣಿಯವನಿಗೆ ಕೊಡುತ್ತಾರೆ.

“ಇಷ್ಟ್ ಜೋಪಾನ ಮಾಡೋಕೆ ಇದ್ರಲ್ಲೇನಿದೆ, ಕಾಕ್?”

“ಜೇನುಮರ ಇದೆ. ನೀರು ತಾಗಿಸ್ಬೇಡ.”