ಹಡಗಿನ ಮನೆತನ ವಿಚಾರಣೆ

ಪ್ರವಾಸದ ಬಣ್ಣದ ಪುಸ್ತಿಕೆಗಳಲ್ಲಿ ಕಾಣುವ ಮುದುಕರಿಗೆ ಮೊಣಕಾಲು ನೋವಿರುವುದಿಲ್ಲ. ನೀವೂ ಗಮನಿಸಿರಬಹುದು. ಹಡಗಿನ ಮೇಲಟ್ಟದಲ್ಲಿ, ಅಷ್ಟು ಗಾಳಿಗೂ ಒಂದೆಳೆ ಕೂದಲು ಕೆದರದಂತೆ ನಿಂತು, ಕೈಯಲ್ಲಿ ಗಾಜಿನ ಬಟ್ಟಲು ಹಿಡಿದು, ಹಿಂದಿನ ಕೋಟೆಯನ್ನಾಗಲಿ ಮುಂದಿನ ನದಿಯನ್ನಾಗಲಿ ನೋಡದೆ ಒಬ್ಬರನ್ನೊಬ್ಬರು ನೋಡಿ ನಗುತ್ತಿರುತ್ತಾರೆ. ನಲವತ್ತು ವರ್ಷ ಸಂಸಾರ ಮಾಡಿದ ದಂಪತಿಗಳು ಹಾಗೆ ನಕ್ಕದ್ದನ್ನು ನಾನು ಧಾರವಾಡದಲ್ಲಂತೂ ಕಂಡಿಲ್ಲ. ಹೀಗಾಗಿ ಯುರೋಪಿನ ನದಿವಿಹಾರದ ಮೂರು ಪುಸ್ತಿಕೆಗಳು ಮಾಳಮಡ್ಡಿಯ ನಮ್ಮ ಮನೆಗೆ ಬಂದ ದಿನವೇ ನನ್ನ ಸಂಶಯ ಎದ್ದು ಕುಳಿತಿತು.

ಸಂಶಯ ನನಗೆ ಸ್ವಭಾವವಷ್ಟೇ ಅಲ್ಲ, ಉಪಜೀವನವೂ ಆಗಿತ್ತು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿದವನು ನಾನು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯನ್ನು ಅನುಮಾನಿಸಬೇಕೆಂಬುದು ಆ ಶಾಸ್ತ್ರದ ಮೊದಲ ಪಾಠ. ನಾನು ಅದು ಮಂಜು ಏಕಾಗಿರಬಾರದು ಎಂದು ಕೇಳಿ ಇಡೀ ಒಂದು ಸೆಮಿಸ್ಟರು ಕಳೆಯುತ್ತಿದ್ದೆ. ಹೆಂಡತಿ ಗಿರಿಜಾ ಹುಡುಗಿಯರ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು. ಈಗ ಅವಳ ಮೊಣಕಾಲುಗಳು ಮೆಟ್ಟಿಲು ಕಂಡರೆ ಮುನಿಯುತ್ತವೆ. ದಿನಕ್ಕೊಂದು ಹೋಟೆಲಿಗೆ ಪೆಟ್ಟಿಗೆ ಹೊತ್ತು ಓಡುವ ಪ್ರವಾಸ ಸಾಧ್ಯವಿಲ್ಲ. ನದಿಯ ಹಡಗಿನಲ್ಲಾದರೆ ಹಾಸಿಗೆ ಇದ್ದಲ್ಲೇ ಇರುತ್ತದೆ, ಊರುಗಳೇ ಕಿಟಕಿಯ ಹತ್ತಿರ ಬರುತ್ತವೆ ಎಂದು ಅವಳು ಲೆಕ್ಕ ಹಾಕಿದ್ದಳು. ಅದೂ ಈ ವರ್ಷವೇ ಆಗಬೇಕಿತ್ತು. ನನ್ನ ಪಾಲಿಗೆ ಬಂದದ್ದು ಒಂದೇ ಕೆಲಸ, ಮೂರರಲ್ಲಿ ಒಂದನ್ನು ಆರಿಸುವುದು.

ಆರಿಸುವುದೆಂದರೆ ನಮ್ಮ ಕಡೆ ಏನೆಂದು ನಿಮಗೆ ಗೊತ್ತು. ಮಗಳಿಗೆ ವರ ಬಂದರೆ ನಾವು ವರನನ್ನು ನೋಡುವುದು ಕಡೆಗೆ. ಮೊದಲು ಮನೆತನ ವಿಚಾರಿಸುತ್ತೇವೆ. ಅವರ ಓಣಿಯ ಕಿರಾಣಿ ಅಂಗಡಿಯವರನ್ನು, ಸೋದರಮಾವನ ಸಹೋದ್ಯೋಗಿಯನ್ನು, ಸಾಧ್ಯವಾದರೆ ಮುನಿಸಿಕೊಂಡ ದಾಯಾದಿಯನ್ನೂ ಕೇಳುತ್ತೇವೆ. ನಾನು ಹಡಗುಗಳಿಗೂ ಅದೇ ಕ್ರಮ ಅನುಸರಿಸಿದೆ. ಇದು ಹುಟ್ಟಿದ್ದು ಯಾವಾಗ? ಮೊದಲಿನ ಹೆಸರೇನು? ಬಣ್ಣ ಬಳಿದು ಹೆಸರು ಬದಲಿಸಿದ ಹಡಗು, ಕೂದಲಿಗೆ ಕಪ್ಪು ಹಚ್ಚಿ ಎರಡನೆಯ ಸಂಬಂಧಕ್ಕೆ ನಿಂತ ವರನಂತೆ ಇರಬಾರದೇಕೆ? ಇದರಲ್ಲಿ ಹೋಗಿ ಬಂದವರು ಬೆಳಗಾವಿಯಿಂದ ಹಾವೇರಿಯವರೆಗೆ ಯಾರಾದರೂ ಇದ್ದಾರೆಯೆ?

ಪುಸ್ತಿಕೆ ಕೊಟ್ಟ ಇರ್ಫಾನ್ ಹುಬ್ಬಳ್ಳಿಯಲ್ಲಿ ಪ್ರವಾಸದ ಆಫೀಸು ಇಟ್ಟುಕೊಂಡ ಸಜ್ಜನ. ಅವನ ತಂದೆಗೆ ತಾರಿಹಾಳದಲ್ಲಿ ಯಂತ್ರ ರಿಪೇರಿಯ ವರ್ಕ್‌ಶಾಪ್ ಇತ್ತೆಂದು ತಿಳಿದೊಡನೆ, ಹಡಗಿನ ಎಂಜಿನ್ನಿನ ವಯಸ್ಸನ್ನೂ ಅವನನ್ನೇ ಕೇಳತೊಡಗಿದೆ. ಭೂತಗನ್ನಡಿ ಹಿಡಿದು ಓದಿದಾಗ ಸಿಕ್ಕ, ನಕ್ಷತ್ರ ಚಿಹ್ನೆಯ ಒಂದು ಅಡಿಟಿಪ್ಪಣಿ ನನ್ನನ್ನು ಪರಮಾನಂದಕ್ಕೆ ಒಯ್ದಿತು: ನದಿಯಲ್ಲಿ ನೀರು ಕಡಿಮೆಯಾದರೆ ಪ್ರಯಾಣಿಕರನ್ನು ಬಸ್ಸಿನಲ್ಲಿ ಕರೆದೊಯ್ಯಲಾಗುವುದು! ಎಂಟು ದಿನಕ್ಕೊಮ್ಮೆ ನಳದ ನೀರು ಕಾಣುವ ಊರಿನವನಿಗೆ ನೀರಿನ ವಿಷಯದಲ್ಲಿ ಯಾರೂ ಮೋಸ ಮಾಡಲಾರರು. ಕೂಡಲೇ ಫೋನು ಹಚ್ಚಿದೆ.

“ಇರ್ಫಾನ್, ಬಸ್ಸಿನ್ಯಾಗ ಹೋಗೂದಾದ್ರ ನಾವು ಹಳೇ ಬಸ್‌ಸ್ಟ್ಯಾಂಡಿಗೇ ಬರತಿದ್ವೆಲ್ಲೋ?”

“ಸರ, ಹಂಗ ಅಗದೀ ಅಪರೂಪಕ್ಕ ಆಗತೇತ್ರಿ.”

“ನೀ ಸ್ವತಃ ಹೋಗಿ ನೋಡೀಯೇನು?”

“ಇಲ್ರಿ ಸರ. ನಾ ಬರೇ ಕಳಸಾಂವ್ರಿ.”

ಈ ಪ್ರಾಮಾಣಿಕ ಉತ್ತರದಿಂದ ನನ್ನ ಸಂಶಯ ಇಮ್ಮಡಿಯಾಯಿತು. ಸುಳ್ಳು ಹೇಳುವವನು ಹೋಗಿದ್ದೇನೆಂದಾದರೂ ಹೇಳುತ್ತಿದ್ದ; ಹೋಗಿಲ್ಲವೆನ್ನುವವನ ಧೈರ್ಯಕ್ಕೆ ಆಧಾರವೇನು? ಒಂದು ಉದ್ದನೆಯ ಕಾಗದದಲ್ಲಿ ಪ್ರಶ್ನೆಗಳನ್ನು ಬರೆಯುತ್ತ ಹೋದೆ. ಗಿರಿಜಾ ವಾರಕ್ಕೊಮ್ಮೆ, “ಯಾವುದು ಛಲೋ ಅನಸ್ತು?” ಎಂದು ಕೇಳುತ್ತಿದ್ದಳು. ನಾನು, “ಇನ್ನೂ ವಿಚಾರಸಾಕತ್ತೇನಿ” ಎನ್ನುತ್ತಿದ್ದೆ.

ಮನೆತನ ವಿಚಾರಿಸುವ ಪದ್ಧತಿಯಲ್ಲಿ ಒಂದು ದೋಷವಿದೆ, ಅದನ್ನು ನಾನು ಬಲ್ಲೆ. ನನ್ನ ತಂಗಿಗೆ ಬಂದಿದ್ದ ಒಬ್ಬ ಎಂಜಿನಿಯರ್ ವರನ ಕುರಿತು ನಾನು ಐದು ತಿಂಗಳು ವಿಚಾರಿಸಿ, ಎಲ್ಲ ದೃಷ್ಟಿಯಿಂದಲೂ ನಿರ್ದುಷ್ಟನೆಂದು ಸಾಬೀತುಪಡಿಸಿದ ದಿನವೇ ಅವನ ಲಗ್ನಪತ್ರಿಕೆ ಅಂಚೆಯಲ್ಲಿ ಬಂತು. ನಾವೆಲ್ಲ ಹೋಗಿ ಊಟ ಮಾಡಿ ಬಂದೆವು. ಊಟ ನಿರ್ದುಷ್ಟವಾಗಿತ್ತು.

ಹಡಗೂ ಅದನ್ನೇ ಮಾಡಿತು. ಮೂರರಲ್ಲಿ ಡ್ಯಾನ್ಯೂಬ್ ನದಿಯ ಹಡಗೇ ಹೆಚ್ಚು ಕುಲೀನ ಎಂದು ನಾನು ಒಪ್ಪಿಕೊಂಡು ಗಿರಿಜಾಳೊಡನೆ ಹುಬ್ಬಳ್ಳಿಗೆ ಹೋದಾಗ, ಇರ್ಫಾನ್ ಚಹಾ ತರಿಸಿ, ನೆಲ ನೋಡುತ್ತ ಹೇಳಿದ: “ಇಬ್ಬರ ರೂಮು ಎಲ್ಲಾ ತುಂಬಿದ್ವು ಸರ. ಒಬ್ಬರದ ಒಂದ ಉಳದೇತ್ರಿ.”

“ಹೋಗಲಿ ಬಿಡು. ಮುಂದಿನ ವರ್ಷ ನೋಡೂಣು,” ಎಂದೆ. ನನ್ನ ದನಿಯಲ್ಲಿ ಸಮಾಧಾನ ಇಣುಕಿತೆಂದು ತೋರುತ್ತದೆ.

“ಮುಂದಿನ ವರ್ಷ ನಿಮ್ಮ ಸಂಶಯ ಇರತಾವರಿ,” ಎಂದಳು ಗಿರಿಜಾ, “ನನ್ನ ಮಣಕಾಲ ಇರಂಗಿಲ್ಲ.”

ಅಷ್ಟು ಹೇಳಿ ನನ್ನ ಪ್ರಶ್ನೆಗಳ ಕಾಗದವನ್ನು ಎಳೆದುಕೊಂಡು, ಮಗುಚಿ, ಇರ್ಫಾನನ ಪೆನ್ನಿನಿಂದ ಗೆರೆ ಹೊಡೆಯತೊಡಗಿದಳು. ಜರ್ಮನಿಯ ಕಾಡಿನಿಂದ ಹೊರಟು, ಬುಡಾಪೆಸ್ಟಿನ ಹತ್ತಿರ ಥಟ್ಟನೆ ದಕ್ಷಿಣಕ್ಕೆ ತಿರುಗಿ, ಕಪ್ಪು ಸಮುದ್ರದವರೆಗೆ ಒಂದೇ ಸಲಕ್ಕೆ, ಎಲ್ಲೂ ಪೆನ್ನು ಎತ್ತದೆ ಡ್ಯಾನ್ಯೂಬ್ ಹರಿಯಿತು. ವರ್ಷವರ್ಷವೂ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು, ಗಂಟೆಯಾದಾಗ ತಾನೇ ಒರೆಸಿದ ನದಿ ಅದು. “ಇಲ್ಲಿ ಪಸಾವ್ ಅಂತ ಊರೈತಿ. ಮೂರು ನದಿ ಕೂಡತಾವ, ಮೂರು ಬಣ್ಣದ ನೀರು,” ಎಂದು ಒಂದು ಚುಕ್ಕಿ ಇಟ್ಟಳು. “ಅಲ್ಲಿ ಹಡಗ ನಿಂದರತೇತೇನು ಇರ್ಫಾನ್?”

“ಒಂದು ದಿನಾ ಪೂರ್ತಿ ನಿಂದರತೇತ್ರಿ ಅಕ್ಕಾರ.”

ನನ್ನ ಅಷ್ಟುದ್ದದ ಪಟ್ಟಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ಯಾವ ನದಿ ನೋಡಬೇಕೆಂದು ನಾನು ಅವಳನ್ನೇ ಕೇಳಿರಲಿಲ್ಲ. ಖರೆ ಹೇಳಿಬಿಡುತ್ತೇನೆ, ನೀವು ಪರಕೀಯರೇನಲ್ಲ: ನನಗೆ ಹಡಗಿನ ಮೇಲೆ ಅಂಥ ಸಂಶಯವೇನೂ ಇರಲಿಲ್ಲ. ಅಲ್ಲಿ ಪ್ರತಿ ತಿರುವಿನಲ್ಲೂ ಅವಳಿಗೆ ಎಲ್ಲ ಗೊತ್ತಿರುತ್ತದೆ, ನಾನು ಪಕ್ಕದಲ್ಲಿ ಸುಮ್ಮನೆ ನಿಂತು ತಲೆಯಾಡಿಸಬೇಕಾಗುತ್ತದೆ ಎಂಬ ಭಯವಿತ್ತು. ಭಯಕ್ಕೆ ತರ್ಕದ ಅಂಗಿ ತೊಡಿಸಿ ಇಷ್ಟು ದಿನ ಓಡಾಡಿಸಿದ್ದೆ. ಅದರ ಬೆಲೆ ಅವಳು ತೆರುವಂತಾಗಿತ್ತು, ಮತ್ತು ನನಗೆ ನಾಚಿಕೆಯಾಯಿತು.

“ಆ ಒಂದು ರೂಮು ನನ್ನ ಹೆಸರೀಲೆ ಬರಕೋಪಾ,” ಎಂದಳು ಗಿರಿಜಾ.

ಇರ್ಫಾನ್ ನನ್ನ ಮುಖ ನೋಡಿದ. ನಾನು ಬಾಯಿ ತೆರೆದೆ. ಅಭ್ಯಾಸಬಲದಿಂದ ನಾಲ್ಕಾರು ಪ್ರಶ್ನೆಗಳು ತುದಿನಾಲಿಗೆಗೆ ಬಂದವು. “ಬರಕೋ,” ಎಂದಷ್ಟೇ ಹೇಳಿದೆ.

ಅವನು ಅರ್ಜಿ ತುಂಬುತ್ತ ಕಡೆಯ ಸಾಲಿಗೆ ಬಂದ. “ಅಕ್ಕಾರ, ಅಲ್ಲಿ ಹಡಗಿನ್ಯಾಗ ಏನರ ಆತಂದ್ರ ಯಾರಿಗೆ ಫೋನ್ ಹಚ್ಚಬೇಕ್ರಿ? ಸರ್ ನಂಬರ ಹಾಕಲ್ರಿ?”

“ಬ್ಯಾಡ, ನನ್ನ ತಂಗೀದು ಹಾಕು. ಇವರು ನಂಬಂಗಿಲ್ಲ. ನೀವ್ಯಾರು, ಖರೇನ ಹಡಗಿನವರೇನು, ಅಂತ ಅವರನ್ನ ವಿಚಾರಸ್ಕೋತ ಕುಂದರತಾರ.”

ಇರ್ಫಾನ್ ನಗು ತಡೆದುಕೊಂಡ. ನನಗೆ ನಗು ಬರಲಿಲ್ಲ.

“ನನ್ನ ನಂಬರನ ಬರಿ,” ಎಂದೆ. “ಅವರು ಏನ ಹೇಳಿದ್ರೂ ನಂಬತೇನಿ.”

ಗಿರಿಜಾ ನನ್ನನ್ನು ಬಹಳ ಹೊತ್ತು ಸಂಶಯದಿಂದ ನೋಡಿದಳು. ಆಮೇಲೆ ಇರ್ಫಾನನ ಕಡೆ ತಿರುಗಿ, ನನ್ನ ನಂಬರನ್ನು ತಾನೇ ಒಂದೊಂದೇ ಅಂಕಿಯಾಗಿ ಬರೆಸಿದಳು.