ಬೀಗರು ಕುಂತ ಕುರ್ಚಿ

ಬಾವಿಕಟ್ಟೆಯಲ್ಲಿ ಜಾರಿಬಿದ್ದು ಅಪ್ಪನ ತೊಡೆಮೂಳೆ ಮುರಿದಿತ್ತು. ಕುಕ್ಕರಗಾಲಲ್ಲಿ ಕೂರುವಂತಿರಲಿಲ್ಲ. ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದ ನಾನು, ನಡುವೆ ತೂತಿರುವ ಸಂಡಾಸಿನ ಕುರ್ಚಿ ಕೊಂಡು ಲಾರಿಯಲ್ಲಿ ಹಡಗಲಿಗೆ ಕಳಿಸಿದೆ. ‘ಕುರ್ಚಿ ಭಾಳ ಚಲೋ ಐತಿ’ ಎಂದು ಪಕ್ಕದ ಮನೆಯ ಫೋನಿನಲ್ಲಿ ಅವ್ವ ಹೊಗಳಿದ್ದೇ ಹೊಗಳಿದ್ದು.

ಊರಿಗೆ ಬಂದು ನೋಡಿದರೆ, ತೂತಿನ ಮೇಲೆ ದಿಂಬು, ದಿಂಬಿನ ಮೇಲೆ ಹೊಸ ಚಾದರ, ಅದರ ಮೇಲೆ ತಂಗಿಯ ಮಾವ, ನಮ್ಮ ಬೀಗರು! ಅಪ್ಪನನ್ನು ಈಗಲೂ ಇಬ್ಬರು ಹೊತ್ತು ಬಯಲಿಗೆ ಒಯ್ಯುತ್ತಿದ್ದರಂತೆ.

ಪಿತ್ತ ನೆತ್ತಿಗೇರಿತು. ‘ಯಪ್ಪಾ, ಅದು ನಿನಗ ಕಳಿಸಿದ್ದು!’ ಎಂದು ಚೀರಿದೆ.

‘ಮೆಲ್ಲಗ ಮಾತಾಡಲೇ,’ ಎಂದ ಒಳಗೆ ಮಲಗಿದ್ದ ಅಪ್ಪ. ‘ಬೀಗರನ್ನ ನೆಲದ ಮ್ಯಾಲ ಕುಂದ್ರಸಾಕ ಆಗತೈತೇನು?’

ಬೀಗರನ್ನು ಎಬ್ಬಿಸಿ, ದಿಂಬು ಕಿತ್ತು ಒಗೆದೆ. ತೂತು ಕಂಡ ಬೀಗರು ಚಹಾ ಮುಟ್ಟದೆ ಚಪ್ಪಲಿ ಹುಡುಕಿದರು.

ಕುರ್ಚಿ ಅವತ್ತೇ ಹಿತ್ತಲಿಗೆ ಹೋಯಿತು. ಅಪ್ಪ ನನ್ನ ಸಂಗಡ ಮಾತು ಬಿಟ್ಟ. ಬಿಡಲಿ, ಆ ಕುರ್ಚಿಯ ಮೇಲೆ ಕೂರುವುದನ್ನಂತೂ ಬಿಡಲಿಲ್ಲ.